ಬುಡಮಟ್ಟ ಕಡಿದ ಲೆಮಿತಾ ಪೊದೆ ಮತ್ತೆ ಚಿಗುರಿದ ಬಗ್ಗೆ

ಇಂದ:
ಯುಫೇಮಿಯಾ ಸೆದಿಲ್ಲೊ,
ನಿವೃತ್ತ ಶಾಲಾ ಅಡುಗೆಮನೆ ಮೇಲ್ವಿಚಾರಕಿ,
ಕೊನೆಯ ತಿರುವಿನ ಮಣ್ಣುಬಣ್ಣದ ಮನೆ,
ಲೋಮಾ ಪಾರ್ದಾ ಬಡಾವಣೆ, ನ್ಯೂ ಮೆಕ್ಸಿಕೊ.

ಗೆ:
ಅಧ್ಯಕ್ಷರು,
ಅಂಗಳ ಸೌಂದರ್ಯ ಸಮಿತಿ,
ಲೋಮಾ ಪಾರ್ದಾ ನಿವಾಸಿಗಳ ಸಂಘ.
(ಶ್ರೀಮತಿ ಲಿಯೊಕಾಡಿಯಾ ಬರೇಲಾ, ಮನೆಯಲ್ಲಿ ಕಾಯಾ. ಅರ್ಜಿದಾರಳ ಒಡಹುಟ್ಟಿದ ತಂಗಿ. ಈ ಸಂಬಂಧವನ್ನು ಕಡತದ ಪೂರ್ಣತೆಗಾಗಿ ಮಾತ್ರ ನಮೂದಿಸಿದೆ.)

ವಿಷಯ: ಸಮಿತಿಯ ಆದೇಶದಂತೆ ತೆಗೆದುಹಾಕಲಾದ ಪೊದೆಯು ತಾನಾಗಿ ಮರಳಿ ಹುಟ್ಟಿದ್ದು, ಸದರಿ ಹುಟ್ಟಿಗೆ ಮಂಜೂರಾತಿ ಕೋರಿ.

ಉಲ್ಲೇಖ: 1. ತಮ್ಮ ಮೊದಲ ನೋಟೀಸು. 2. ತಮ್ಮ ಎರಡನೆಯ ನೋಟೀಸು. 3. ತಾವು ಬಚ್ಚಲುಮನೆ ಚಪ್ಪಲಿಯಲ್ಲಿ ನಿಂತು ಬಾಯಿಮಾತಿನಲ್ಲಿ ಹೊರಡಿಸಿದ ತಡೆಯಾಜ್ಞೆ.

ಮಾನ್ಯರೇ,

ಕಳೆದ ಶರತ್ಕಾಲದಲ್ಲಿ ಆದೇಶದ ಮೇರೆಗೆ ಕಡಿಯಲಾದ ಪೊದೆಯೊಂದು ಈ ವಸಂತದಲ್ಲಿ ಯಾರ ಆದೇಶವೂ ಇಲ್ಲದೆ ಮತ್ತೆ ಹುಟ್ಟಿದೆ. ಪೊದೆಗೆ ಸಹಿ ಹಾಕಲು ಬಾರದ ಕಾರಣ, ಅದರ ಪರವಾಗಿ ಅಂಗಳದ ಒಡತಿಯಾದ ಅರ್ಜಿದಾರಳು ಈ ಕೆಳಗಿನ ಸಂಗತಿಗಳನ್ನು ಸಮಿತಿಯ ಮುಂದಿಡುತ್ತಾಳೆ. ಇವುಗಳಲ್ಲಿ ಹೆಚ್ಚಿನವು ತಮಗೆ ಗೊತ್ತಿರುವಂಥವೇ. ಆದರೆ ಸಮಿತಿಯ ಇನ್ನೊಬ್ಬ ಸದಸ್ಯರಾದ ಶ್ರೀ ಡ್ವೈಟ್ ಹೆಂಡ್ರಿಕ್ಸನ್ ಅವರೂ ಓದಬೇಕಾಗಿರುವುದರಿಂದ ಮೊದಲಿನಿಂದ ಬರೆಯಲಾಗಿದೆ.

1. ಲೆಮಿತಾ ಎಂಬುದು ಸುಮ್ಯಾಕ್ ಜಾತಿಯ ಪೊದೆ. ಮೂರು ಮೂರು ಎಲೆ, ಬೇಸಿಗೆಯಲ್ಲಿ ಹುಳಿಹುಳಿಯಾದ ಕೆಂಪು ಹಣ್ಣು, ಚಳಿ ಶುರುವಾಗುವಾಗ ಬೆಂಕಿ ಹತ್ತಿದಂಥ ಬಣ್ಣ. ಬೆಟ್ಟದ ಮೇಲಿನ ಸಾನ್ ಲಿಬೋರಿಯೊ ಹಳ್ಳಿಯಲ್ಲಿ ಅರ್ಜಿದಾರಳ ತಾಯಿ ದಿವಂಗತ ಹೆನೊವೇವಾ ಅವರ ಮನೆಯ ಹಿಂಗೋಡೆಗೆ ಇಂಥದ್ದೊಂದು ಪೊದೆ ಒರಗಿಕೊಂಡಿತ್ತು. ತಾಯಿ ತೀರಿಕೊಂಡ ಮೇಲೆ ಆ ಮನೆಯನ್ನು ಮಾರಲಾಯಿತು. ಬೀಗದ ಕೈ ಕೊಡುವ ದಿನ ಅಕ್ಕತಂಗಿಯರಿಬ್ಬರೂ ಸೇರಿ ಬುಡದಿಂದ ಎದ್ದ ಎರಡು ಮರಿಗಳನ್ನು ಬೇರುಸಹಿತ ಅಗೆದು, ತಲಾ ಒಂದನ್ನು ಕುಂಡದಲ್ಲಿಟ್ಟುಕೊಂಡು ಒಂದೇ ಗಾಡಿಯಲ್ಲಿ ಇಳಿದು ಬಂದರು. ಎಲೆ ತಿಕ್ಕಿದರೆ ಕಾಡುಬೆಕ್ಕಿನ ವಾಸನೆ.

"ಕಿಟಕಿ ಇಳಿಸು ಫೇಮಿಯಾ, ತಲೆ ಸುತ್ತುತ್ತೆ," ಎಂದು ತಾವು ಹೇಳಿದಿರಿ.

"ಅಮ್ಮ ಇದೇ ವಾಸನೇಲಿ ತೊಂಬತ್ತು ದಾಟಿದಳು," ಎಂದು ಅರ್ಜಿದಾರಳು ಹೇಳಿದಳು.

ತಾವು ನಕ್ಕಿರಿ. ನಗು ಕಡತಕ್ಕೆ ಸೇರತಕ್ಕದ್ದಲ್ಲವಾದರೂ, ಅದರ ನಂತರ ಬಹುಕಾಲ ಅಂಥ ಘಟನೆ ನಡೆಯದ ಕಾರಣ ನಮೂದಿಸಿದೆ.

2. ಅರ್ಜಿದಾರಳು ತನ್ನ ಮರಿಯನ್ನು ಬೆಳೆಸಿದ ಕ್ರಮ ಹೀಗಿದೆ. ಚಳಿಗೆ ಮುಂಚೆ, ಕುಂಡದ ಮೂರರಷ್ಟು ಅಗಲಕ್ಕೆ ಗುಣಿ ತೋಡಿದಳು. ಆಳ ಮಾತ್ರ ಕುಂಡದಷ್ಟೇ. ಗೊಬ್ಬರ ಹಾಕಲಿಲ್ಲ. ಅದೇ ಒರಟು ಮಣ್ಣನ್ನೇ ಮುಚ್ಚಿ, ಬುಡಕ್ಕೆ ತಾಗದಂತೆ ಸುತ್ತ ಜಲ್ಲಿ ಹರಡಿದಳು. ಮೊದಲ ಬೇಸಿಗೆ ವಾರಕ್ಕೊಮ್ಮೆ ಬೇರಿಗಿಳಿಯುವ ಹಾಗೆ ನಿಧಾನವಾಗಿ ನೀರು ಬಿಟ್ಟಳು. ಎರಡನೆಯ ಬೇಸಿಗೆಯಿಂದ, ಎಲೆ ಸೊರಗಿದ್ದು ಕಂಡರೆ ಮಾತ್ರ. ಸೊರಗಿದ್ದು ಕಂಡಿದ್ದೇ ಅಪರೂಪ.

ತಾವು ಬೆಳೆಸಿದ ಕ್ರಮ ಬೇರೆ. ತಾವು ಗುಣಿಗೆ ಕುರಿಗೊಬ್ಬರ ತುಂಬಿದಿರಿ. ಮನೆ ಮುಂದೆ ಹಸಿರು ಹುಲ್ಲುಹಾಸು ಇರಬೇಕೆಂಬುದು ಸಂಘದ ನಿಯಮ, ಹುಲ್ಲಿಗೆ ದಿನಾ ಬೆಳಿಗ್ಗೆ ತುಂತುರು ನೀರು ಚಿಮ್ಮಬೇಕೆಂಬುದು ಹುಲ್ಲಿನ ನಿಯಮ. ಎರಡರ ಮಧ್ಯೆ ಸಿಕ್ಕ ಮರಿ ಹಳದಿಯಾಯಿತು. ಹಳದಿಯಾಯಿತೆಂದು ತಾವು ಇನ್ನಷ್ಟು ನೀರು ಹಾಕಿದಿರಿ. ಬೇರು ಕೊಳೆಯಿತು. ಮಳೆಗಾಗಿ ಊರೆಲ್ಲ ಮೋಡ ನೋಡುತ್ತಿದ್ದ ತಿಂಗಳಲ್ಲಿ, ನೀರಿಲ್ಲದೆ ಬದುಕಬಲ್ಲ ಗಿಡವೊಂದು ತಮ್ಮ ಅಂಗಳದಲ್ಲಿ ಮುಳುಗಿ ಸತ್ತಿತು.

3. ಸತ್ತ ಕಡ್ಡಿಯನ್ನು ಹಿಡಿದುಕೊಂಡೇ ತಾವು ಅರ್ಜಿದಾರಳ ಮನೆಗೆ ಬಂದಿರಿ. ಅರ್ಜಿದಾರಳು ಮೆಣಸಿನಕಾಯಿ ಸುಡುತ್ತಿದ್ದಳು.

"ನಿಂದು ಹೆಂಗೆ ಬದುಕ್ತು?"

"ಅದರ ಪಾಡಿಗೆ ಅದನ್ನ ಬಿಟ್ಟೆ ಕಾಯಾ, ಅಷ್ಟೇ."

"ಹೌದು, ನಿಂಗೆ ಬರೋದು ಅದೊಂದೇ. ಗಿಡಾನೂ ಹಂಗೇ ಬಿಟ್ಟೆ, ಅಮ್ಮನ್ನೂ ಹಂಗೇ ಬಿಟ್ಟೆ. ನಾಲ್ಕು ವರ್ಷ ನಾನು ಬಾಯಿ ಒರೆಸಿದೆ, ನೀನು ಭಾನುವಾರ ಬಂದು ಪೊಸೋಲೆ ಸಾರು ಕುಡಿದು ಹೋದೆ."

ತಾವು ಕಡ್ಡಿಯನ್ನು ಮೇಜಿನ ಮೇಲಿಟ್ಟು ಹೊರಟುಹೋದಿರಿ. ಒಲೆಯ ಮೇಲಿನ ಮೆಣಸಿನಕಾಯಿಗಳು ಪೂರ್ತಿ ಕಪ್ಪಾದವು. ಮಕ್ಕಳು ಊಟಕ್ಕೆ ಸಾಲು ನಿಂತಿರುವಾಗ ಶಾಲೆಯ ಅಡುಗೆಮನೆಯನ್ನು ಬಿಟ್ಟು ಬರುವುದು ಹೇಗೆ ಸಾಧ್ಯವಿತ್ತು ಎಂಬ ಉತ್ತರವೊಂದು ಸದರಿ ಆರೋಪಕ್ಕೆ ಅರ್ಜಿದಾರಳ ಬಳಿ ಇತ್ತು. ಆ ಉತ್ತರ ಅವಳಿಗೇ ಸಾಕೆನಿಸದ ಕಾರಣ ಸಲ್ಲಿಸಲಿಲ್ಲ.

4. ಅದಾದ ಮೇಲೆ ತಾವು ಸಮಿತಿಯ ಅಧ್ಯಕ್ಷರಾದಿರಿ. ಅರ್ಜಿದಾರಳಿಗೆ ಮೊದಲ ನೋಟೀಸು ಬಂತು. ಅದರಲ್ಲಿ ಮೂರು ಆಪಾದನೆಗಳಿದ್ದವು: ಪೊದೆ ಚಳಿಗಾಲದಲ್ಲಿ ಸತ್ತಂತೆ ಕಾಣುತ್ತದೆ, ನಾರುತ್ತದೆ, ವಿಷಕಾರಿ.

ಮೊದಲನೆಯದಕ್ಕೆ ಉತ್ತರ: ಚಳಿಗಾಲದಲ್ಲಿ ಬಡಾವಣೆಯ ಬಹುತೇಕ ನಿವಾಸಿಗಳೂ ಹಾಗೆಯೇ ಕಾಣುತ್ತಾರೆ. ಎರಡನೆಯದು ನಿಜ. ಮೂರನೆಯದು ಶ್ರೀ ಹೆಂಡ್ರಿಕ್ಸನ್ ಅವರ ತೋಳಿನ ಮೇಲೆ ಎದ್ದ ಗಂಧೆಯಿಂದ ಹುಟ್ಟಿಕೊಂಡದ್ದು. ಮಿನೆಸೋಟಾದಿಂದ ಬಂದು ನೆಲೆಸಿದ ಅವರಿಗೆ ಸುಮ್ಯಾಕ್ ಎಂಬ ಹೆಸರು ಕೇಳಿದರೇ ಮೈ ತುರಿಸುತ್ತದೆ. ಅವರ ಕಡೆ ಆ ಹೆಸರಿನ ವಿಷದ ಗಿಡವೊಂದಿದೆ. ಅದು ಜೌಗಿನಲ್ಲಿ ಬೆಳೆಯುತ್ತದೆ, ಬಿಳಿ ಕಾಯಿ ಬಿಡುತ್ತದೆ. ನಮ್ಮ ಬಡಾವಣೆಯಲ್ಲಿ ಜೌಗು ಕಂಡರೆ ಜನ ಫೋಟೋ ತೆಗೆಸಿಕೊಳ್ಳುತ್ತಾರೆ. ಈ ವಿಷಯವನ್ನು ಅರ್ಜಿದಾರಳು ಬೇಲಿಯ ಈಚೆಯಿಂದ ಅವರಿಗೆ ವಿವರಿಸಿದಳು.

"ಹಂಗಾದ್ರೆ ಈ ಗಂಧೆ ಎಲ್ಲಿಂದ ಬಂತು ನಂಗೆ?" ಎಂದು ಅವರು ಕೇಳಿದರು.

"ಬಟ್ಟೆ ಸೋಪು ಬದಲಾಯಿಸಿದ್ರಾ?"

ಅವರು ಸ್ವಲ್ಪ ಹೊತ್ತು ತೋಳು ನೋಡಿಕೊಂಡರು. "ಮಗಳು ಬಂದಾಗ ಯಾವುದೋ ಸುವಾಸನೇದು ತಂದಿಟ್ಟಿದ್ಲು."

ಗಂಧೆ ವಾಸಿಯಾಯಿತು. ಆಪಾದನೆ ವಾಸಿಯಾಗಲಿಲ್ಲ, ಏಕೆಂದರೆ ಅದು ಆಗಲೇ ಟೈಪಾಗಿತ್ತು.

5. ಆಮೇಲೆ ಸಮಿತಿ ಸ್ಥಳ ತಪಾಸಣೆಗೆ ಬಂತು. ತಾವು ಅಳತೆ ಟೇಪು ಹಿಡಿದು ಅಗಲ ಅಳೆದಿರಿ, ಶ್ರೀ ಹೆಂಡ್ರಿಕ್ಸನ್ ಬರೆದುಕೊಂಡರು. ಪೊದೆ ಮಿತಿಗಿಂತ ಒಂದು ಮೊಳ ಹೆಚ್ಚು ಹರಡಿತ್ತು. ಅದು ಹಣ್ಣಿನ ಕಾಲವಾದ್ದರಿಂದ ಅರ್ಜಿದಾರಳು ಹಣ್ಣುಗಳನ್ನು ತಣ್ಣೀರಲ್ಲಿ ನೆನೆಸಿ, ಸೋಸಿ, ಸಕ್ಕರೆ ಹಾಕಿ ಪಾನಕ ಮಾಡಿಟ್ಟಿದ್ದಳು. ಶ್ರೀ ಹೆಂಡ್ರಿಕ್ಸನ್ ವಿಷಕಾರಿ ಎಂದು ಸ್ವತಃ ದೂರಿದ್ದ ಗಿಡದ ರಸವನ್ನು ಎರಡು ಲೋಟ ಕುಡಿದು, ಮೂರನೆಯದಕ್ಕೆ ಲೋಟ ಮುಂದೆ ಹಿಡಿದರು. ತಾವು ಮುಟ್ಟಲಿಲ್ಲ.

ಆದರೆ ಟೇಪು ಸುತ್ತುವಾಗ ತಾವು ಒಂದು ಎಲೆ ಕಿತ್ತು, ಬೆರಳಲ್ಲಿ ತಿಕ್ಕಿ, ಮೂಗಿನ ಹತ್ತಿರ ಹಿಡಿದು, ಅಗತ್ಯಕ್ಕಿಂತ ಹೆಚ್ಚು ಹೊತ್ತು ನಿಂತಿರಿ. ಅರ್ಜಿದಾರಳು ಅದನ್ನು ಕಿಟಕಿಯಿಂದ ನೋಡಿದಳು.

"ನಾರುತ್ತೆ ಅಂತ ಬರ್ಕೊಳ್ಳಿ," ಎಂದಿರಿ ತಾವು, ದನಿ ಸರಿಮಾಡಿಕೊಂಡು.

ಎರಡನೆಯ ನೋಟೀಸಿನಲ್ಲಿ ಪೊದೆಯನ್ನು ತಿಂಗಳ ಕೊನೆಯೊಳಗೆ ತೆಗೆಯತಕ್ಕದ್ದು, ತಪ್ಪಿದಲ್ಲಿ ಸಂಘವೇ ತೆಗೆಸತಕ್ಕದ್ದು ಎಂದಿತ್ತು. ಅರ್ಜಿದಾರಳು ಆಕ್ಷೇಪಣೆ ಬರೆದು ಅಂಚೆಗೆ ಹಾಕಿದಳು.

6. ಗುತ್ತಿಗೆದಾರ ಫಿಡೆನ್ಸಿಯೊ ತಿಂಗಳು ಮುಗಿಯುವುದಕ್ಕೆ ಮುಂಚೆಯೇ ಬಂದ. ಪಕ್ಕದ ಬೀದಿಯಲ್ಲಿ ಅವನಿಗೆ ಬೇರೆ ಕೆಲಸವಿತ್ತಂತೆ; ಎರಡಕ್ಕೂ ಯಂತ್ರ ಒಂದೇ ಸಲ ತಂದರಾಯಿತು ಎಂದುಕೊಂಡನಂತೆ. ಅರ್ಜಿದಾರಳು ಕಣ್ಣು ತೋರಿಸಲು ಆಸ್ಪತ್ರೆಗೆ ಹೋಗಿದ್ದಳು. ಕಣ್ಣಿಗೆ ಹನಿ ಹಾಕಿದ್ದರಿಂದ ಬಸ್ಸಿಳಿದಾಗ ಬೀದಿಯೆಲ್ಲ ಬೆಳ್ಳಗೆ ಮಂಜುಮಂಜಾಗಿತ್ತು. ಮೊದಲು ಯಂತ್ರದ ಸದ್ದು ಕೇಳಿತು. ಆಮೇಲೆ ಅದು ನಿಂತಿತು. ಆಮೇಲೆ ತಮ್ಮ ದನಿ ಕೇಳಿತು.

"ನಿಲ್ಲಿಸು ಅಂದ್ನಲ್ಲ."

"ಅಮ್ಮ, ಕಾಗದದ ಮೇಲೆ ಸಹಿ ನಿಮ್ದೇ ಇದೆ."

"ಸಹಿ ನಂದೇ. ನಿಲ್ಲಿಸು ಅಂತಿರೋಳೂ ನಾನೇ. ಯಾವುದು ಆಮೇಲೆ ಬಂದಿದ್ದೋ ಅದನ್ನ ಕೇಳು."

"ಇನ್ನೇನು ಉಳಿದಿದೆ ಅಂತ ನಿಲ್ಲಿಸ್ಲಿ? ಎಲ್ಲಾ ಕಡಿದಾಯ್ತಲ್ಲ."

ಹತ್ತಿರ ಬಂದಾಗ ಅರ್ಜಿದಾರಳಿಗೆ ಕಂಡದ್ದು: ನೆಲಮಟ್ಟಕ್ಕೆ ಕತ್ತರಿಸಿದ ಕೊಂಬೆಗಳ ಕೆಂಪು ರಾಶಿ, ಬೇರು ಕೀಳಲು ತಂದಿದ್ದ ಗುದ್ದಲಿಯ ಮೇಲೆ ಕಾಲಿಟ್ಟು ನಿಂತ ಸಮಿತಿಯ ಅಧ್ಯಕ್ಷರು, ಅವರ ಮೈಮೇಲೆ ನಿಲುವಂಗಿ, ಕಾಲಲ್ಲಿ ಬಚ್ಚಲುಮನೆ ಚಪ್ಪಲಿ, ತಲೆಯಲ್ಲಿ ಇನ್ನೂ ಸೋಪಿನ ನೊರೆ. ಫಿಡೆನ್ಸಿಯೊ ಒಂದಿಷ್ಟು ಹೊತ್ತು ಕಾದು, ಗುದ್ದಲಿ ಬಿಡಿಸಿಕೊಳ್ಳುವ ಆಸೆ ಬಿಟ್ಟು, ಯಂತ್ರ ಮಾತ್ರ ತೆಗೆದುಕೊಂಡು ಹೋದ.

7. ಅನಂತರ ಇಬ್ಬರೂ ಮೆಟ್ಟಿಲ ಮೇಲೆ ಕುಳಿತರು. ಅಲ್ಲಿ ನಡೆದ ಮಾತುಕತೆ ಈ ಅರ್ಜಿಯ ವಿಷಯಕ್ಕೆ ಸಂಬಂಧಿಸಿದ್ದೋ ಅಲ್ಲವೋ ಸಮಿತಿಯೇ ತೀರ್ಮಾನಿಸತಕ್ಕದ್ದು.

"ನೀನು ಜಗಳಕ್ಕಾದ್ರೂ ಬರ್ತೀಯ ಅಂದ್ಕೊಂಡಿದ್ದೆ," ಎಂದಿರಿ ತಾವು. "ನೋಟೀಸು ಕಳಿಸಿದೆ. ನೀನು ಅಂಚೇಲಿ ಉತ್ತರ ಕಳಿಸ್ದೆ. ಕೂಗಿದ್ರೆ ಕೇಳೋಷ್ಟು ಹತ್ತಿರ ಇರೋಳು ನೀನು, ಅಂಚೇಲಿ ಕಳಿಸ್ತೀಯ."

"ನೀನೂ ಅಂಚೇಲೇ ಕಳಿಸಿದ್ದೆ."

"ಅದು ನಿಯಮ."

ನೊರೆ ಕರಗಿ ತಮ್ಮ ಕುತ್ತಿಗೆಗೆ ಇಳಿಯುತ್ತಿತ್ತು. ಅರ್ಜಿದಾರಳು ತನ್ನ ತಲೆವಸ್ತ್ರದ ಅಂಚಿನಿಂದ ಒರೆಸಿದಳು.

"ನಂಗೆ ಸಿಟ್ಟು ಬಂದಿದ್ದು ನೀನು ಬರ್ಲಿಲ್ಲ ಅಂತಲ್ಲ," ಎಂದಿರಿ. "ಅಮ್ಮ ದಿನಾ ಕೇಳೋಳು, ಫೇಮಿಯಾ ಬಂದ್ಲಾ, ಫೇಮಿಯಾ ಬಂದ್ಲಾ ಅಂತ. ತುತ್ತು ತಿನ್ನಿಸ್ತಿರೋಳು ನಾನು. ನನ್ನ ಮುಖ ನೋಡ್ಕೊಂಡೇ ಕೇಳೋಳು. ನಾನೊಬ್ಬಳು ಅಲ್ಲಿ ಇರ್ಲೇ ಇಲ್ಲ ಅನ್ನೋ ಹಂಗೆ."

"ನಾನು ಬಂದಾಗ ನನ್ನನ್ನ ಕಾಯಾ ಅಂತ ಕರೀತಿದ್ಲು," ಎಂದಳು ಅರ್ಜಿದಾರಳು.

"ಏನು?"

"ಪ್ರತಿ ಭಾನುವಾರ. ನೀನು ಒಳಗೆ ಪೊಸೋಲೆ ಬಿಸಿ ಮಾಡ್ತಿದ್ದಾಗ. ಕಾಯಾ, ಬಂದ್ಯಾ ಮಗಳೇ, ನೀನಿಲ್ದೆ ನಂಗೆ ಆಗಲ್ಲ ಅಂತ ಕೈ ಹಿಡ್ಕೊಳ್ಳೋಳು. ನಾನು ಕಾಯಾ ಅಲ್ಲ ಅಂತ ಒಂದು ದಿನಾನೂ ಹೇಳ್ಲಿಲ್ಲ. ಹೇಳಿದ್ರೆ ಕೈ ಬಿಟ್ಬಿಡ್ತಾಳೆ ಅಂತ ಭಯ."

ತಾವು ಅರ್ಜಿದಾರಳನ್ನು ಬಹಳ ಹೊತ್ತು ನೋಡಿದಿರಿ. ಹನಿ ಹಾಕಿದ ಕಣ್ಣಿಗೆ ತಮ್ಮ ಮುಖ ಸ್ಪಷ್ಟವಾಗಿ ಕಾಣದ ಕಾರಣ ಆಗ ತಮ್ಮ ಮುಖದಲ್ಲಿ ಏನಿತ್ತೆಂದು ಇಲ್ಲಿ ಬರೆಯಲಾಗುತ್ತಿಲ್ಲ. ತಾವು ಎದ್ದು, "ತಲೆ ತೊಳ್ಕೋಬೇಕು," ಎಂದು ಹೊರಟಿರಿ. ಹೋಗುವಾಗ ಒಂದು ಕೆಂಪು ಕೊಂಬೆ ಎತ್ತಿಕೊಂಡಿರಿ.

8. ಲೆಮಿತಾ ಪೊದೆ ಹಳೆಯದಾದಾಗ ಚಳಿಗಾಲದಲ್ಲಿ ಅದರ ಮುದಿ ಕೊಂಬೆಗಳನ್ನು ಬುಡಕ್ಕೇ ಕಡಿಯುವುದು ರೂಢಿಯೇ ಆಗಿದೆ. ಬೇರು ಉಳಿದರೆ ಸಾಕು, ಹೊಸ ಮರಿಗಳು ಏಳುತ್ತವೆ. ಫಿಡೆನ್ಸಿಯೊ ಎಲ್ಲ ಕೊಂಬೆಗಳನ್ನೂ ಒಂದೇ ಸಲ ಕಡಿದದ್ದು ಸ್ವಲ್ಪ ಅತಿಯಾಯಿತಾದರೂ, ಗುದ್ದಲಿ ಬೀಳದ ಕಾರಣ ಬೇರು ಕ್ಷೇಮವಾಗಿತ್ತು. ಏಪ್ರಿಲ್‌ನಲ್ಲಿ ಜಲ್ಲಿಯ ನಡುವಿನಿಂದ ಚಿಗುರೆದ್ದಿತು. ಒಂದಲ್ಲ, ಎಣಿಸುವ ಗೋಜಿಗೆ ಅರ್ಜಿದಾರಳು ಹೋಗಿಲ್ಲ.

ಇಲ್ಲಿಯೇ ತೊಡಕು. ಇದು ಹಳೆಯ ಪೊದೆಯೇ ಆದಲ್ಲಿ, ಅದನ್ನು ತೆಗೆಯಲಾಗಿದೆಯೆಂದು ಕಡತ ಹೇಳುತ್ತದೆ. ಹೊಸದಾದಲ್ಲಿ, ನೆಡುವ ಮುನ್ನ ಅನುಮತಿ ಬೇಕು. ಆದರೆ ಯಾರೂ ನೆಟ್ಟಿಲ್ಲ. ಶ್ರೀ ಹೆಂಡ್ರಿಕ್ಸನ್ ಅವರ ಅಭಿಪ್ರಾಯ, "ಯಾವುದಕ್ಕೂ ಒಂದು ಅರ್ಜಿ ಕೊಟ್ಬಿಡಿ, ಹಣ್ಣು ಬಿಟ್ಟಾಗ ನಂಗೂ ಹೇಳಿ."

ಚಿಗುರೆದ್ದಂದಿನಿಂದ ತಾವು ದಿನಾ ಸಂಜೆ ಪಾದಚಾರಿ ದಾರಿಯವರೆಗೆ ಬಂದು, ಚಿಗುರು ನೋಡಿ, ಅಲ್ಲಿಂದಲೇ ಕೈ ಎತ್ತಿ, ಹಿಂದಿರುಗುತ್ತಿದ್ದೀರಿ. ಅರ್ಜಿದಾರಳೂ ಬಾಗಿಲಲ್ಲಿ ನಿಂತು ಕೈ ಎತ್ತುತ್ತಾಳೆ. ಇಬ್ಬರಿಗೂ ವಯಸ್ಸಾಗಿದೆ, ಇಬ್ಬರಿಗೂ ನಾಚಿಕೆ ಇದೆ.

ಆದ್ದರಿಂದ, ಮೇಲ್ಕಾಣಿಸಿದ ಎಲ್ಲ ಕಾರಣಗಳಿಂದಾಗಿ, ಸದರಿ ಚಿಗುರುಗಳನ್ನು ಹಳೆಯವೆಂದಾಗಲೀ ಹೊಸವೆಂದಾಗಲೀ ತೀರ್ಮಾನಿಸದೆ, ಇರುವಂತೆಯೇ ಇರಲು ಬಿಡಬೇಕೆಂದು ಅರ್ಜಿದಾರಳು ವಿನಂತಿಸಿಕೊಳ್ಳುತ್ತಾಳೆ. ಅವುಗಳ ಹರವು ಮಿತಿ ಮೀರದಂತೆ, ಅಂಚಿನಲ್ಲಿ ಎದ್ದ ಮರಿಗಳನ್ನು ವರ್ಷಕ್ಕೊಮ್ಮೆ ಅಗೆದು ತೆಗೆಯಲು ಅವಳು ಒಪ್ಪುತ್ತಾಳೆ. ಹಾಗೆ ತೆಗೆದ ಮೊದಲ ಮರಿ ಯಾರಿಗೆ ಸೇರತಕ್ಕದ್ದೆಂಬುದರಲ್ಲಿ ವಿವಾದವಿಲ್ಲ.

ತಮ್ಮ ವಿಶ್ವಾಸಿ,
ಯುಫೇಮಿಯಾ

ಲಗತ್ತುಗಳು:
1. ಎರಡೂ ನೋಟೀಸುಗಳ ಪ್ರತಿ.
2. ಚಿಗುರಿನ ಫೋಟೋ. (ಮೂಲೆಯಲ್ಲಿ ಕಾಣುವ ಬೆರಳು ಅರ್ಜಿದಾರಳದು.)
3. ಫಿಡೆನ್ಸಿಯೊ ಬಿಟ್ಟುಹೋದ ಗುದ್ದಲಿ. (ಲಗತ್ತಿಸಲು ಸಾಧ್ಯವಾಗದ ಕಾರಣ ಜಗಲಿಯಲ್ಲಿ ಇಡಲಾಗಿದೆ.)
4. ಶ್ರೀ ಹೆಂಡ್ರಿಕ್ಸನ್ ಅವರ ನಿರಾಕ್ಷೇಪಣಾ ಪತ್ರ, ತಪಾಸಣೆಯ ಹಳೆಯ ಹಾಳೆಯ ಹಿಂಬದಿಯಲ್ಲಿ, ಪಾನಕದ ಕಲೆ ಸಹಿತ.

ಕಡೆಯ ಕೋರಿಕೆ: ಈ ಅರ್ಜಿ ಮಂಜೂರಾಗಲಿ, ತಿರಸ್ಕೃತವಾಗಲಿ, ಆದೇಶವನ್ನು ಅಧ್ಯಕ್ಷರು ಖುದ್ದಾಗಿ ಭಾನುವಾರ ಊಟದ ಹೊತ್ತಿಗೆ ತಂದು ತಲುಪಿಸಬೇಕೆಂದೂ, ತಂದಾಗ ಬಾಗಿಲಲ್ಲೇ ನಿಂತು ಹಿಂದಿರುಗಬಾರದೆಂದೂ ಕೋರಲಾಗಿದೆ. ಆದೇಶ ತರಲು ಮರೆತಲ್ಲಿ ಅಡ್ಡಿಯಿಲ್ಲ.