ನೂರು ಹಾಸಿಗೆಯ ಆಸ್ಪತ್ರೆಯೂ ನಿಜವಾದ ಒಬ್ಬ ರೋಗಿಯೂ

ಶ್ರೀರಂಗಪಟ್ಟಣ ತಾಲ್ಲೂಕಿನ ‘ಸಂಜೀವಿನಿ ಪರ್ವತ ನರ್ಸಿಂಗ್ ವಿದ್ಯಾಮಂದಿರ’ದ ಸ್ಥಾಪಕರೂ ಅಧ್ಯಕ್ಷರೂ, ಬೆಳಿಗ್ಗೆ ನೂರು ಹಾಸಿಗೆಯ ಆಸ್ಪತ್ರೆ ಎಬ್ಬಿಸಿ ಸಂಜೆಗೆ ಅದನ್ನು ಮಡಿಸಿ ಗಾಡಿಗೆ ತುಂಬಬಲ್ಲ ಮಹನೀಯರೂ ಆದ ಶಿವಶಂಕರ್ ಅವರ ಸನ್ನಿಧಿಗೆ,

ಮಾನ್ಯರೇ,

ತಮ್ಮಲ್ಲಿ ಮೂರು ವರ್ಷ ಜಿಎನ್‌ಎಂ ಓದಿಯೂ ನೋಂದಾಯಿತ ನರ್ಸ್ ಆಗದೆ ಉಳಿದ, ಪಾಂಡವಪುರ ತಾಲ್ಲೂಕಿನ ಬಡಗಿ ಸಿದ್ದಾಚಾರ್ ಅವರ ಮಗಳು ಸ್ನೇಹ ಮಾಡುವ ಅನಂತ ನಮಸ್ಕಾರಗಳು. ತಮ್ಮ ಕ್ಷೇಮ ವಿಚಾರಿಸುವುದಿಲ್ಲ. ತಮ್ಮಂಥವರು ಎಲ್ಲ ಕಾಲದಲ್ಲೂ ಕ್ಷೇಮವಾಗಿಯೇ ಇರುತ್ತಾರೆ.

ಮೊದಲಿಗೆ ತಮ್ಮ ಪ್ರಯೋಗಶಾಲೆಯನ್ನು ಹೊಗಳದಿದ್ದರೆ ಕೃತಘ್ನಳಾದೇನು. ನಲವತ್ತು ಮಂದಿ ವಿದ್ಯಾರ್ಥಿಗಳಿಗೆ ಒಂಟಿ ಕೈಯ ಒಂದೇ ರಬ್ಬರು ಗೊಂಬೆಯನ್ನು ಕೊಟ್ಟು, ಇರುವ ಕೈಯೂ ಹಾಳಾದೀತೆಂದು ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿಸಿದ ತಮ್ಮ ಕಾಳಜಿಯನ್ನು ರೋಗಿಗಳ ಮೇಲೂ ಸ್ವಲ್ಪ ತೋರಿಸಿದ್ದರೆ ಈ ಪತ್ರದ ಅಗತ್ಯವೇ ಇರುತ್ತಿರಲಿಲ್ಲ.

ಮೂರನೇ ವರ್ಷದಲ್ಲಿ, ಕಾಲೇಜಿಗೆ ಸ್ವಂತ ಆಸ್ಪತ್ರೆ ಇದೆಯೇ ಎಂದು ನೋಡಲು ನರ್ಸಿಂಗ್ ಕೌನ್ಸಿಲಿನ ಪರಿಶೀಲನಾ ತಂಡ ಬಂದ ದಿನ, ತಾವು ನಡೆಸಿದ ಪವಾಡವನ್ನು ನಾನು ಕಣ್ಣಾರೆ ಕಂಡೆ. ಗೊಬ್ಬರದ ಗೋದಾಮಾಗಿದ್ದ ಕಟ್ಟಡಕ್ಕೆ ಶಾಮಿಯಾನದವರ ಗೂಡ್ಸ್ ಆಟೋದಲ್ಲಿ ಮಂಚಗಳು ಬಂದವು. ಬಾಡೂಟದ ಆಸೆ ತೋರಿಸಿ ಕರೆತಂದ ಸುತ್ತಲ ಹಳ್ಳಿಗಳ ಜನ ಟ್ರಾಕ್ಟರಿನಿಂದ ಇಳಿದು ಸಾಲಾಗಿ ಮಲಗಿದರು. ಅವರಲ್ಲಿ ನಮ್ಮ ಬೀದಿಯ ಕುಳ್ಳಯ್ಯನವರೂ ಇದ್ದರು. ಅರವತ್ತು ದಾಟಿದರೂ ಡೈರಿಗೆ ಹಾಲಿನ ಕ್ಯಾನು ಹೊರುವ ಆ ಗಟ್ಟಿ ಮನುಷ್ಯನ ಮಂಚಕ್ಕೆ ‘ಸೊಂಟದ ಮೂಳೆ ಮುರಿತ’ ಎಂಬ ಚೀಟಿ ತೂಗುತ್ತಿತ್ತು. ತಂಡದವರು ಹೇಗಿದ್ದೀರಿ ಎಂದು ಕೇಳಿದಾಗ ಅವರು ಎದ್ದು ಕುಳಿತು, “ನಂಗೇನೂ ಆಗಿಲ್ಲ ಕಣ್ ಸ್ವಾಮಿ, ಊಟ ಆಗೋಗಂಟ ಮಲಗಿರು ಅಂದ್ರು, ಮಲಗಿವ್ನಿ” ಎಂದುಬಿಟ್ಟರು. ತಾವು ಕಣ್ಣು ಮಿಟುಕಿಸದೆ, “ಮಾತ್ರೆ ಮಂಪರು ಸಾರ್, ಏನೇನೋ ಮಾತಾಡ್ತಾವ್ರೆ” ಎಂದಿರಿ. ಮೂಳೆ ಮುರಿದವನನ್ನು ಮಂಪರಿನಲ್ಲೇ ಎಬ್ಬಿಸಿ ಕೂರಿಸಿದ ವೈದ್ಯವಿದ್ಯೆಗೆ ತಮಗೊಂದು ಪ್ರಶಸ್ತಿ ಬರಬೇಕು.

ತಂಡದ ಕಾರು ಗೇಟು ದಾಟಿ ಐದು ನಿಮಿಷವಾಗಿರಲಿಲ್ಲ. ಕುಳ್ಳಯ್ಯನವರು ಎದೆ ಹಿಡಿದುಕೊಂಡು ಮಂಚದ ಮೇಲೇ ಬಾಗಿದರು. “ಎದೆ ಮ್ಯಾಲೆ ಯಾರೋ ಕುಂತಂಗಾಯ್ತದೆ ಕಣವ್ವ” ಎಂದು ನನ್ನ ಕೈ ಹಿಡಿದರು. ಅವರ ಕೈ ತಣ್ಣಗಿತ್ತು, ಬೆವರಿನಿಂದ ಜಾರುತ್ತಿತ್ತು. ಸುತ್ತಲಿದ್ದವರು ನಕ್ಕರು. ತಾವು ಚಪ್ಪಾಳೆ ತಟ್ಟಿ, “ಸಾಕು ಎದ್ದೇಳಯ್ಯ, ಅವ್ರೆಲ್ಲ ಒಂಟೋದ್ರು, ಇನ್ನೂ ಯಾಕೆ ನಾಟ್ಕ ಆಡ್ತಿದ್ದೀಯಾ?” ಎಂದಿರಿ. ದಿನವಿಡೀ ಸುಳ್ಳಾಡಿಸಿದ ತಮಗೆ ಅಲ್ಲಿದ್ದ ಒಂದೇ ಒಂದು ನಿಜವೇ ನಾಟಕವಾಗಿ ಕಂಡದ್ದರಲ್ಲಿ ಆಶ್ಚರ್ಯವೇನಿದೆ!

ನಾನು ರಕ್ತದೊತ್ತಡ ನೋಡುವ ಯಂತ್ರ ತಂದೆ, ಅದರ ರಬ್ಬರು ಹರಿದಿತ್ತು. ಆಮ್ಲಜನಕದ ಸಿಲಿಂಡರು ಹೊಸ ಬಣ್ಣ ಹೊಡೆಸಿಕೊಂಡು ಖಾಲಿ ನಿಂತಿತ್ತು. ಆಂಬುಲೆನ್ಸ್ ಕರೆಯಲು ಮೊಬೈಲು ತೆಗೆದರೆ, “ನಮ್ ಆಸ್ಪತ್ರೆ ಬಾಗ್ಲಿಗೇ ಆಂಬುಲೆನ್ಸ್ ಬಂದು ರೋಗೀನ ಬ್ಯಾರೆ ಕಡೆ ಒತ್ಕೊಂಡೋದ್ರೆ ಜನ ಏನಂದಾರು?” ಎಂದು ಅದನ್ನು ಕಸಿದುಕೊಂಡಿರಿ. ಸಂಸ್ಥೆಯ ಮಾನ ಕಾಯುವುದರಲ್ಲಿ ತಮ್ಮನ್ನು ಮೀರಿಸುವವರು ನಾಲ್ಕು ತಾಲ್ಲೂಕಿನಲ್ಲಿ ಸಿಗಲಾರರು. ಕೊನೆಗೆ ಮಂಚ ತಂದಿದ್ದ ಆಟೋದಲ್ಲೇ, ಶಾಮಿಯಾನದ ಬಟ್ಟೆಯ ಮೇಲೆ ಮಲಗಿಸಿಕೊಂಡು, ನಾನೂ ಡ್ರೈವರೂ ಅವರನ್ನು ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಮುಟ್ಟಿಸಿದೆವು.

ಅಲ್ಲಿದ್ದ ಸಿಸ್ಟರು ರಮ್ಯ ನನ್ನ ಸಮವಸ್ತ್ರ ನೋಡಿ, “ಆಕ್ಸಿಜನ್ ಆಕಮ್ಮ ಬೇಗ” ಎಂದರು. ನಾನು ಸಿಲಿಂಡರಿನ ಮುಂದೆ ನಿಂತೆ, ಕೀಲಿಯನ್ನು ಯಾವ ಕಡೆಗೆ ತಿರುಗಿಸಬೇಕೆಂದು ಗೊತ್ತಿರಲಿಲ್ಲ. “ಎಷ್ಟನೇ ವರ್ಸ?” ಎಂದರು. “ಮೂರು” ಎಂದೆ. ಅವರು ಬೈಯಲಿಲ್ಲ, ನನ್ನನ್ನು ಪಕ್ಕಕ್ಕೆ ಸರಿಸಿ ತಾವೇ ಹಾಕಿದರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಕುಳ್ಳಯ್ಯನವರು ಬದುಕಿದರು, ಮೈಸೂರಿನ ಆಸ್ಪತ್ರೆಯಲ್ಲಿ ಹನ್ನೊಂದು ದಿನವಿದ್ದು ಬಂದರು, ಈಗ ಕ್ಯಾನು ಮಗ ಹೊರುತ್ತಾನೆ.

ಇಷ್ಟಾದ ಮೇಲೂ ಕೋರ್ಸು ಮುಗಿಯುವಾಗ ತಮ್ಮ ಗುಮಾಸ್ತರು ನನ್ನ ಹೆಸರಿನ ಹೆರಿಗೆ ದಾಖಲೆ ಪುಸ್ತಕ ತಂದು, “ಸೈನ್ ಆಕು, ರಿಜಿಸ್ಟ್ರೇಶನ್‌ಗೆ ಬೇಕು” ಎಂದರು. ನಾನು ಸ್ವಹಸ್ತದಿಂದ ಇಪ್ಪತ್ತು ಹೆರಿಗೆ ಮಾಡಿಸಿದ್ದೇನೆಂದು ಅದರಲ್ಲಿ ಅಂದವಾಗಿ ಬರೆದಿತ್ತು. ಹದಿನಾಲ್ಕನೆಯದರಲ್ಲಿ ಕೆಂಪಣ್ಣ ಎಂಬವರಿಗೆ ಸಹಜ ಹೆರಿಗೆಯಾಗಿ ಗಂಡುಮಗು ಜನಿಸಿತ್ತು. ತಾಯಿ ಮಗು ಕ್ಷೇಮವೆಂದೂ ನಮೂದಿಸಿದ್ದರು. ಕೆಂಪಣ್ಣನವರು ಬಾಣಂತನಕ್ಕೆ ಯಾವ ಊರಿಗೆ ಹೋಗಿದ್ದಾರೆಂದು ತಿಳಿಸಿದರೆ ಒಮ್ಮೆ ಕೈಮುಗಿದು ಬರುವ ಆಸೆಯಿದೆ.

ನಾನು ಸಹಿ ಹಾಕಲಿಲ್ಲ. ಆ ರಾತ್ರಿ ಮನೆಯಲ್ಲಿ ಕೂತು ಅತ್ತದ್ದು ನಿಜ. ಅಪ್ಪ ಉಳಿ ಮಸೆಯುತ್ತಿದ್ದವರು ತಲೆ ಎತ್ತದೆ, “ಮರದೊಳಗೆ ಉಳ ಬಿದ್ದಿದ್ರೆ ಆ ಅಲಗೆ ಬಿಸಾಕಿ ಬ್ಯಾರೆ ತಗಬೇಕು ಕಣವ್ವ, ಬಣ್ಣ ಬಳ್ದು ಬಾಗ್ಲು ಮಾಡಿದ್ರೆ ಯಾರ್ ಮನೆ ಮ್ಯಾಲೋ ಬೀಳ್ತದೆ” ಎಂದರು. ಮರುದಿನವೇ ನಡೆದದ್ದನ್ನೆಲ್ಲ ಬರೆದು ಕೌನ್ಸಿಲಿನವರಿಗೆ ಕಳಿಸಿದೆ. ಎರಡನೇ ಸಲ ಅವರು ಹೇಳದೆ ಕೇಳದೆ ಬಂದಾಗ ತಮ್ಮ ಆಸ್ಪತ್ರೆಯಲ್ಲಿ ಗೊಬ್ಬರದ ಚೀಲಗಳು ಮಲಗಿದ್ದವಂತೆ. ಈ ವರ್ಷ ತಮ್ಮಲ್ಲಿ ದಾಖಲಾತಿ ಇಲ್ಲವೆಂದು ಕೇಳಿ ಸಂತಾಪವಾಯಿತು. ನಾನೀಗ ನಾಗಮಂಗಲದ ಕಡೆ ಬೇರೊಂದು ಕಾಲೇಜಿನಲ್ಲಿ, ನನಗಿಂತ ನಾಲ್ಕು ವರ್ಷ ಚಿಕ್ಕವರ ಪಕ್ಕ ಕುಳಿತು, ಕೈ ತೊಳೆಯುವುದರಿಂದ ಶುರುಮಾಡಿದ್ದೇನೆ.

ತಮ್ಮಲ್ಲಿ ನನ್ನದೊಂದೇ ವಿನಂತಿ: ನಾಳೆ ತಮಗೆ ಎದೆ ನೋವು ಬಂದರೆ, ದಯವಿಟ್ಟು ಬೇರೆ ಯಾವ ಆಸ್ಪತ್ರೆಗೂ ಹೋಗಿ ಸಂಸ್ಥೆಯ ಮಾನ ಕಳೆಯಬೇಡಿ.

ತಮ್ಮೊಬ್ಬರನ್ನು ಬಿಟ್ಟು ಮಿಕ್ಕೆಲ್ಲರಲ್ಲಿ ವಿಶ್ವಾಸ ಉಳಿಸಿಕೊಂಡಿರುವ,
ತಮ್ಮ ವಿಶ್ವಾಸಿ,
ಸ್ನೇಹ
ಮೊದಲನೇ ವರ್ಷ, ಎರಡನೇ ಬಾರಿ

ಮರೆತಿದ್ದ ಮಾತು: ಮೊನ್ನೆ ಮೊದಲ ಸಲ ಜೀವವಿರುವ ಮನುಷ್ಯರಿಗೆ ಇಂಜೆಕ್ಷನ್ ಕೊಟ್ಟೆ. ಆ ಅಜ್ಜಿ, “ಚುಚ್ಚಿದ್ದೇ ಗೊತ್ತಾಗ್ನಿಲ್ಲ ಕಣವ್ವ” ಎಂದರು. ಈ ಪತ್ರ ಬರೆಯುವಾಗ ಮಾತ್ರ ಅಷ್ಟು ಎಚ್ಚರ ವಹಿಸಿಲ್ಲ, ಕ್ಷಮಿಸಬೇಕು.