ಏಸಿಗೂ ಒಂದು ಚಹಾ

ಕರೆಂಟು ಉಳಿಸಲು ಹೊರಟವನಿಗೆ ತಲೆ ಕೆಡದ ದಿನವೇ ಸಿಗುವುದಿಲ್ಲ. ಇಪ್ಪತ್ತು ವರ್ಷದ ಎಲೆಕ್ಟ್ರಿಕಲ್ ನೌಕರಿಯಲ್ಲಿ ನನಗೆ ಇಂಥವು ಬೇಕಾದಷ್ಟು ಆಗಿವೆ. ಆದರೆ ನಾಗಪುರದ ಸಿವಿಲ್ ಲೈನ್ಸ್‌ನಲ್ಲಿರುವ ನಮ್ಮ ನಾಲ್ಕು ಅಂತಸ್ತಿನ ಆಫೀಸಿನಷ್ಟು ಯಾವುದೂ ನನ್ನನ್ನು ಗೊಂದಲಕ್ಕೆ ಕೆಡವಿಲ್ಲ.

ಕಟ್ಟಡದಿಂದ ಹೋಗುವ ಇಂಗಾಲ ಕಡಿಮೆಯಾಗಬೇಕು ಎಂದು ಮೇಲಿನಿಂದ ಸುತ್ತೋಲೆ ಬಂತು. ನಮ್ಮ ದೊಡ್ಡ ಸಾಹೇಬರು ವಿಜಯಪುರದ ಕಡೆಯವರು. ನನ್ನನ್ನು ಕರೆದು, "ಈ ಬ್ಯಾಸಿಗ್ಯಾಗ ಯೂನಿಟ್ ಇಳಿಸಿ ತೋರಸ್ರಿ. ನಿಮ್ಮ ಹುಬ್ಬಳ್ಳಿ ಟ್ರಾನ್ಸ್‌ಫರ್ ಅರ್ಜಿಗೆ ನಾ ಸಹಿ ಹಾಕ್ತೀನಿ" ಅಂದರು. ಮೂರು ವರ್ಷದಿಂದ ಹೆಂಡತಿ ಮಕ್ಕಳು ಅಲ್ಲಿ, ನಾನು ಇಲ್ಲಿ. ಅವತ್ತೇ ಅಟ್ಟದ ಮೇಲಿನ ಬ್ಯಾಗು ಇಳಿಸಿ ಬಾಗಿಲ ಹತ್ತಿರ ಇಟ್ಟೆ.

೧. ಕುಣಿಯುವ ಕ್ಯಾಲೆಂಡರ್

ಮೊದಲು, ಕೋಣೆಯಲ್ಲಿ ಅಲುಗಾಟ ಕಾಣದಿದ್ದರೆ ತಾನಾಗಿ ಆರುವ ದೀಪಗಳನ್ನು ಹಾಕಿಸಿದೆ. ಮೂರನೇ ದಿನಕ್ಕೆ ಒಂದು ವಿಭಾಗದ ಮುಖ್ಯಸ್ಥರು ಬಂದು, ಎಲ್ಲರೂ ಕೆಲಸ ಮಾಡುತ್ತಿರುವಾಗಲೇ ದೀಪ ಹೋಗುತ್ತದೆ ಎಂದು ದೂರಿದರು. ನಾನೇ ಹೋಗಿ ಕೂತು ನೋಡಿದೆ. ಇಪ್ಪತ್ತು ನಿಮಿಷ ಯಾರ ಕೈಯೂ ಅಲುಗಲಿಲ್ಲ, ದೀಪ ಆರಿತು. ದೀಪದಲ್ಲಿ ನನಗೇನೂ ತಪ್ಪು ಕಾಣಲಿಲ್ಲ.

ಮುಂದಿನ ವಾರ ದೂರು ನಿಂತಿತು, ಯೂನಿಟ್ ಮಾತ್ರ ಏರಿತು. ತಲೆಬುಡ ತಿಳಿಯದೆ ಭಾನುವಾರ ಹೋಗಿ ಬಾಗಿಲು ತೆಗೆಸಿದರೆ ಒಳಗೆ ನರಪಿಳ್ಳೆಯಿಲ್ಲ, ದೀಪಗಳೆಲ್ಲ ಉರಿಯುತ್ತಿವೆ. ಫ್ಯಾನಿನ ಕೆಳಗೆ ಹುರಿಯಲ್ಲಿ ಕಟ್ಟಿದ ಕ್ಯಾಲೆಂಡರ್ ಒಂದೇ ಸಮ ಕುಣಿಯುತ್ತಿದೆ. ದೀಪ ಆರಬಾರದೆಂದು ಕ್ಯಾಲೆಂಡರ್, ಕ್ಯಾಲೆಂಡರ್ ನಿಲ್ಲಬಾರದೆಂದು ಫ್ಯಾನು. ಇಡೀ ವಿಭಾಗದಲ್ಲಿ ರಜೆಯಿಲ್ಲದೆ ದುಡಿಯುತ್ತಿದ್ದದ್ದು ಅದೊಂದೇ.

೨. ಹನ್ನೊಂದನೆಯ ಗ್ಲಾಸು

ಆಮೇಲೆ ಏಸಿಗಳನ್ನೆಲ್ಲ ಇಪ್ಪತ್ತಾರು ಡಿಗ್ರಿಗೆ ಇಟ್ಟು, ಯಾರೂ ಬದಲಿಸದಂತೆ ಗುಂಡಿಗಳ ಡಬ್ಬಿಗೆ ಬೀಗ ಹಾಕಿದೆ. ಎರಡನೇ ಮಹಡಿಯ ಏಸಿ ಮಾತ್ರ ನಿಲ್ಲದೆ ಓಡುತ್ತಿತ್ತು. ಮೂರು ಸಲ ಬಿಚ್ಚಿ ನೋಡಿದೆ, ಎಲ್ಲ ಬರೋಬರ್.

ಒಂದು ದಿನ ಅಲ್ಲಿಗೆ ಚಹಾ ಬಂತು. ಹತ್ತು ಜನ, ಹನ್ನೊಂದು ಗ್ಲಾಸು. ನನಗೇ ಇರಬೇಕೆಂದು ಕೈ ಚಾಚಿದೆ. ಅಷ್ಟರಲ್ಲಿ, ಮರಾಠಿ ರೂಢಿಯಂತೆ ಎಲ್ಲರೂ 'ಬಾಯಿ' ಎಂದು ಕರೆಯುವ ಮೇಲ್ವಿಚಾರಕಿ ಎದ್ದು, ಆ ಗ್ಲಾಸನ್ನು ಗೋಡೆಯ ಮೇಲಿನ ಶಾಖ ಅಳೆಯುವ ಡಬ್ಬಿಯ ಕೆಳಗೆ, ಅದಕ್ಕೆಂದೇ ಹೊಡೆದಿದ್ದ ಪುಟ್ಟ ಹಲಗೆಯ ಮೇಲೆ ಇಟ್ಟರು. ಬಿಸಿ ತಗುಲಿದ ಡಬ್ಬಿ ಕೋಣೆ ಕಾದಿದೆ ಎಂದುಕೊಂಡಿತು, ಏಸಿ ಭರ್ರೆಂದಿತು.

"ಇದು ಯಾರಿಗೆ, ಬಾಯಿ?" ಅಂದೆ.

"ಏಸಿಗೆ, ಸರ್. ತಮಗೆ ಬೇರೆ ತರಿಸುತ್ತೇನೆ."

೩. ಹಳೇ ಫೈಲು

ಮೇ ತಿಂಗಳು, ಹೊರಗೆ ರಸ್ತೆಯ ಡಾಂಬರು ಕರಗುವ ಬಿಸಿಲು. ಆಗ ಇದ್ದಕ್ಕಿದ್ದಂತೆ ಯೂನಿಟ್ ಅರ್ಧಕ್ಕೆ ಇಳಿಯಿತು. ಸಾಹೇಬರು ಬೆನ್ನು ತಟ್ಟಿದರು. ಸಂತೋಷದಲ್ಲಿ ಮನೆಗೆ ಫೋನ್ ಮಾಡಿದರೆ, ಹೆಂಡತಿ "ನೀವು ಏನು ಮಾಡಿದ್ರಿ?" ಅಂದಳು. ನನಗೂ ಗೊತ್ತಿರಲಿಲ್ಲ.

ಮಹಡಿ ಮಹಡಿ ಹತ್ತಿದೆ. ಕುರ್ಚಿಗಳೆಲ್ಲ ಖಾಲಿ, ದೀಪ ಏಸಿ ಎಲ್ಲ ಬಂದ್. ಎಲ್ಲಿ ಎಂದರೆ, ಹಳೇ ಫೈಲು ಹುಡುಕಲು ರೆಕಾರ್ಡ್ ರೂಮಿಗೆ ಹೋಗಿದ್ದಾರೆ ಎಂದ ಬಾಗಿಲಲ್ಲಿ ಕೂತಿದ್ದ ಹಿರಿಯ ಪ್ಯೂನ್. ರೆಕಾರ್ಡ್ ರೂಮ್ ಎಂದರೆ ಹಿತ್ತಲಲ್ಲಿರುವ ಹಳೇ ಹೆಂಚಿನ ಶೆಡ್ಡು. ಹೋಗಿ ನೋಡಿದರೆ ಲಾವಂಚದ ಘಮ, ನೀರು ತುಂಬಿದ ನಾಲ್ಕು ದೊಡ್ಡ ಕೂಲರ್, ಅವುಗಳ ಮುಂದೆ ಇಡೀ ಆಫೀಸು. ಕ್ಯಾಲೆಂಡರನ್ನೂ ತಂದಿದ್ದರು. ಕರೆಂಟು ಎಲ್ಲಿಂದ ಎಂದು ತಂತಿ ಹಿಡಿದು ನಡೆದೆ. ಅದು ಬೇಲಿ ದಾಟಿ ದೊಡ್ಡ ಸಾಹೇಬರ ಬಂಗಲೆಯ ಮೀಟರಿಗೆ ಹೋಗಿ ಮುಟ್ಟಿತು.

ಅಲ್ಲಿಂದ ನೇರ ಸಾಹೇಬರ ಚೇಂಬರಿಗೆ ಹೋದೆ. ನನ್ನ ಅರ್ಜಿಗೆ ಆಗಲೇ ಸಹಿ ಬಿದ್ದಿತ್ತು. ಅದನ್ನು ತೋರಿಸಿ, ಮತ್ತೆ ಡ್ರಾವರಿನೊಳಗಿಟ್ಟು ಹೇಳಿದರು: "ಹೋಗೂಕಿಂತ ಮೊದಲ ಒಂದ್ ಕೆಲಸ ಐತ್ರಿ. ನಮ್ಮ ಬಂಗಲೇದ ಮೀಟರ್ ಹುಚ್ಚ ಹಿಡದಂಗ ಓಡಾಕತ್ತೈತಿ. ಕರೆಂಟ್ ಎಲ್ಲಿ ಹೊಂಟೈತಿ ಹುಡುಕಿ ಹೇಳ್ರಿ, ಈ ಕಾಗದ ಒಯ್ಯಿರಿ."

ಹೇಳಿದರೆ ನಾನು ಉಳಿಸಿದ್ದೆಲ್ಲ ಸುಳ್ಳಾಗುತ್ತದೆ. ಹೇಳದಿದ್ದರೆ ಕಾಗದ ಡ್ರಾವರ್ ಬಿಟ್ಟು ಹೊರಗೆ ಬರುವುದಿಲ್ಲ. ಬ್ಯಾಗು ಇನ್ನೂ ಬಾಗಿಲ ಹತ್ತಿರವೇ ಇದೆ. "ಶೋಧನೆ ನಡೆದಿದೆ" ಎಂದು ದಿನಾ ಸಾಹೇಬರಿಗೆ ವರದಿ ಬರೆಯುತ್ತೇನೆ, ರೆಕಾರ್ಡ್ ರೂಮಿನಲ್ಲಿ, ಎರಡನೇ ಕೂಲರಿನ ಮುಂದೆ ಕೂತು.