ಪೀಣ್ಯದಲ್ಲಿ ರಷ್ಯನ್ ಪಾಠ

ರಷ್ಯನ್ ಕಲಿಸುವ ಮೇಷ್ಟ್ರ ಪಾಡು ಶತ್ರುವಿಗೂ ಬೇಡ. ಎಪ್ಪತ್ತರ ದಶಕದ ಕೊನೆಯಲ್ಲಿ ಪೀಣ್ಯದ ಒಂದು ಕಾರ್ಖಾನೆಗೆ ರಷ್ಯಾದಿಂದ ಯಂತ್ರಗಳು ಬಂದವು. ಅವುಗಳ ಹಿಂದೆಯೇ ನಾನೂ ಹೋದೆ. ಪಾಳಿ ಮುಗಿಸಿ ಬಂದ ಕಾರ್ಮಿಕರಿಗೆ ಸಂಜೆ ಭಾಷೆ ಕಲಿಸುವ ಕೆಲಸ. ಅದು ಹೋದರೆ ಬೇರೆ ಗತಿಯಿರಲಿಲ್ಲ. ರಷ್ಯನ್ ಬಲ್ಲವನನ್ನು ಬೆಂಗಳೂರಿನಲ್ಲಿ ಇನ್ಯಾರು ಕರೆಯುತ್ತಾರೆ? ಆ ತರಗತಿಯಲ್ಲಿ ದಿನಕ್ಕೊಂದು ತಮಾಷೆ ನಡೆಯುತ್ತಿತ್ತು. ನಗುವಷ್ಟು ತ್ರಾಣ ಮಾತ್ರ ನನಗಿರುತ್ತಿರಲಿಲ್ಲ.

೧. ಹೊಸ ವಿಧಾನ

ದೆಹಲಿಯ ತಜ್ಞರೊಬ್ಬರು ಬಂದು ಹೊಸ ಬೋಧನಾ ವಿಧಾನ ಹೇಳಿಕೊಟ್ಟರು. ತರಗತಿಯಲ್ಲಿ ಕನ್ನಡ ಕೂಡದು, ಅರ್ಥ ಹೇಳಕೂಡದು. ರಷ್ಯನ್‌ನಲ್ಲಿ ಏನು ಕೇಳಿಸಿದರೂ ಎಲ್ಲರೂ ಒಟ್ಟಿಗೆ ಹಾಗೇ ಹೇಳಬೇಕು. ಮಗ್ಗಿ ಒಪ್ಪಿಸಿ ಬೆಳೆದ ನಮ್ಮವರಿಗೆ ಇದು ನೀರು ಕುಡಿದಷ್ಟು ಸುಲಭ.

ಮೊದಲ ದಿನ ನನಗೆ ಕೆಮ್ಮು ಬಂತು. ಇಡೀ ತರಗತಿ ಕೆಮ್ಮಿತು.

೨. ಚಳಿ

ಏಪ್ರಿಲ್ ತಿಂಗಳು, ತರಗತಿ ನಡೆಯುವ ಶೆಡ್ಡಿನಲ್ಲಿ ತಲೆಯ ಮೇಲೆ ಕಾದ ತಗಡಿನ ಶೀಟು. ಪಾಠ ಮುಗಿದ ಮೇಲೆ ಕುಲುಮೆಯಲ್ಲಿ ಕೆಲಸ ಮಾಡುವವನೊಬ್ಬ ಅಂದಿನ ವಾಕ್ಯದ ಅರ್ಥ ಕೇಳಿದ.

"ಇವತ್ತು ವಿಪರೀತ ಚಳಿ, ಉಣ್ಣೆ ಟೋಪಿ ಹಾಕ್ಕೋ ಅಂತ."

ಅವನು ಬೆವರು ಒರೆಸಿಕೊಂಡ. "ಬೆಳಗ್ಗಿಂದ ಫರ್ನೇಸ್ ಮುಂದೆ ನಿಂತಿದ್ದೀನಿ ಸಾರ್. ಇದನ್ನ ನಾನ್ ಯಾರಿಗ್ ಹೇಳ್ಲಿ?"

"ಟ್ರೈನಿಂಗಿಗೆ ರಷ್ಯಾಕ್ಕೆ ಕಳಿಸಿದಾಗ ಬೇಕಾಗುತ್ತಪ್ಪ."

"ಓಟಿ ಇದೆ ಅಂತ ಮೆಜೆಸ್ಟಿಕ್ಕಿಗೇ ಬಿಡಲ್ಲ ಸಾರ್ ಇವ್ರು, ರಷ್ಯಾಕ್ಕೆ ಬಿಡ್ತಾರಾ?"

೩. ಪರೀಕ್ಷೆ

ಒಂದು ದಿನ ರಷ್ಯಾದ ಎಂಜಿನಿಯರೇ ತರಗತಿಗೆ ಬಂದ. ಮ್ಯಾನೇಜರ್ ನನ್ನನ್ನು ಪಕ್ಕಕ್ಕೆ ಕರೆದರು. "ನಮ್ ಹುಡುಗ್ರು ಇವರ ಹತ್ರ ಮಾತಾಡಿದ್ರೆ ಸರಿ. ಇಲ್ಲಾಂದ್ರೆ ಕ್ಲಾಸು ಇವತ್ತಿಗೇ ಬಂದ್ ಕಣ್ರೀ."

ಎಂಜಿನಿಯರ್ ರಷ್ಯನ್‌ನಲ್ಲಿ "ನಮಸ್ಕಾರ" ಎಂದ. ಎಲ್ಲರೂ "ನಮಸ್ಕಾರ" ಎಂದರು. ಅವನಿಗೆ ಖುಷಿಯಾಯಿತು. ಕಿಟಕಿಯಾಚೆ ಕೆಟ್ಟು ನಿಂತಿದ್ದ ಯಂತ್ರವೊಂದರತ್ತ ಕೈ ತೋರಿಸಿ ಕೇಳಿದ:

"ಆ ಯಂತ್ರ ಯಾಕೆ ನಿಂತಿದೆ?"

"ಆ ಯಂತ್ರ ಯಾಕೆ ನಿಂತಿದೆ?" ಎಂದಿತು ತರಗತಿ, ಸ್ವಚ್ಛ ರಷ್ಯನ್‌ನಲ್ಲಿ.

"ನಾನು ನಿಮ್ಮನ್ನು ಕೇಳುತ್ತಿದ್ದೇನೆ!"

"ನಾನು ನಿಮ್ಮನ್ನು ಕೇಳುತ್ತಿದ್ದೇನೆ!"

ಅವನ ಮುಖ ಕೆಂಪಾಯಿತು. "ಸಾಕು, ನಿಲ್ಲಿಸಿ!" ಎಂದು ಕೂಗಿದ. "ಸಾಕು, ನಿಲ್ಲಿಸಿ!" ಎಂದು ಶೆಡ್ಡೇ ಕೂಗಿತು. ಅವನು ನನ್ನನ್ನು ಒಮ್ಮೆ ದುರುಗುಟ್ಟಿ ನೋಡಿ ಹೊರಟೇಹೋದ. ನನ್ನ ಕೆಲಸವೂ ಅವನ ಹಿಂದೆಯೇ ಹೋಯಿತು ಅಂದುಕೊಂಡೆ.

ಮ್ಯಾನೇಜರಿಗೆ ರಷ್ಯನ್ನಿನ ಗಂಧಗಾಳಿಯೂ ಇಲ್ಲ. ಓಡಿಬಂದು ನನ್ನ ಕೈ ಕುಲುಕಿದರು. "ಏನ್ ಮೇಷ್ಟ್ರೇ, ಆ ಮಹಾರಾಯನೇ ಸುಸ್ತಾಗಿ ಓಡೋವರೆಗೂ ಮಾತಾಡಿದ್ರಲ್ರೀ ನಮ್ ಹುಡುಗ್ರು! ಇನ್ನೂ ಎರಡು ವರ್ಷ ನಡೀಲಿ ಕ್ಲಾಸು!"

ಕೆಲಸ ಉಳಿಯಿತಲ್ಲ ಎಂಬ ಸಂತೋಷಕ್ಕೋ, ಇನ್ನೂ ಎರಡು ವರ್ಷವೇ ಎಂಬ ಸಂಕಟಕ್ಕೋ, ಕುರ್ಚಿಯಲ್ಲಿ ಕುಸಿದು ಕೂತೆ. ಬಾಯಿಂದ ಮೆಲ್ಲಗೆ "ಅಯ್ಯೋ ದೇವರೇ" ಅಂತ ಹೊರಟಿತು. ಅಭ್ಯಾಸಬಲದಿಂದ ಅದೂ ರಷ್ಯನ್‌ನಲ್ಲೇ.

"ಅಯ್ಯೋ ದೇವರೇ!" ಎಂದಿತು ಇಡೀ ತರಗತಿ.